ಹಾಕಿದ್ನೋ ಇಲ್ವೋ

ಪಂಕ್ಚರ್ ಅಂಗಡಿ ಬೋರ್ಡು, ಪಂ, ಕ್ಚ, ರ್, ಅಕ್ಷರ ಕಣ್ಣಿಗೆ ಬಿತ್ತು, ಅರ್ಥ ಮಾತ್ರ ಹಿಂದಿನ ಬಸ್ಸಿಗೆ ಬರತ್ತೇನೋ, ಈಗೀಗ ನಂಗೆ ಎಲ್ಲಾ ಹಿಂಗೇ, ಕಾಣೋದು ಈಗ, ತಿಳಿಯೋದು ಯಾವಾಗ್ಲೋ, ಆಧಾರ್ ತೋರ್ಸಮ್ಮ, ಏಯ್ ಅಮ್ಮ ನಿಮಗೇ ಹೇಳ್ತಿರೋದು, ಪಕ್ಕದ ಹೆಂಗಸು ಮೊಣಕೈಲಿ ತಿವಿದ ಮೇಲೆ ಗೊತ್ತಾಯ್ತು ಕಂಡಕ್ಟರ್ ನನ್ನ ಮುಂದೇ ನಿಂತಿದಾನೆ ಅಂತ, ತೋರಿಸ್ದೆ, ಶಿವಮೊಗ್ಗ ಅಂದೆ, ಗೊತ್ತಮ್ಮ ದಿನಾ ಬರ್ತೀರಲ್ಲ ಅಂದ. ದಿನಾ. ಅದೇ ತಾನೇ ತಾಪತ್ರಯ, ದಿನಾ ಮಾಡೋ ಕೆಲಸ ಇವತ್ತು ಮಾಡಿದ್ನೋ ಇಲ್ವೋ ಅಂತ ಯಾರನ್ನ ಕೇಳ್ಲಿ — ಅಯ್ಯೋ, ಅತ್ತೆಗೆ ಇನ್ಸುಲಿನ್ ಹಾಕಿದ್ನಾ? ಹಾಕಿದೀನಿ, ಹಾಕಿರ್ಲೇಬೇಕು, ಕಣ್ಣಿಗೆ ಕಟ್ಟಿದ ಹಾಗಿದೆಯಲ್ಲ, ಸೆರಗು ಸರಿಸಿದ್ದು, ಹೊಕ್ಕುಳ ಪಕ್ಕ ಎರಡು ಬೆರಳಲ್ಲಿ ಚರ್ಮ ಹಿಡಿದಿದ್ದು, ಚುಚ್ಚಿ ಹತ್ತು ಎಣಿಸಿದ್ದು, ಆದ್ರೆ ಆರು ವರ್ಷದಿಂದ ಅದೇ ಹೊಟ್ಟೆ, ಅದೇ ಬೆರಳು, ಈ ನೆನಪು ಇವತ್ತಿಂದೋ ನಿನ್ನೇದೋ ಹೋದ ತಿಂಗಳದ್ದೋ, ಅದಕ್ಕೇನು ತಾರೀಖು ಹಚ್ಚಿರ್ತಾರಾ. ಸೂಜಿ ಎಣಿಸೋಣ ಅಂದ್ರೆ ಒಂದೇ ಸೂಜೀಲಿ ವಾರ ತಳ್ಳೋ ಮನೆ ನಮ್ದು.

ಎಲ್ಲಾ ಈ ಕಾಂಗ್ರೆಸ್ ಗಿಡದ ಪ್ರಸಾದ, ನಮ್ಮ ನ್ಯೂ ಟೌನಲ್ಲಿ ಖಾಲಿ ಬಿದ್ದಿರೋ ಫ್ಯಾಕ್ಟರಿ ಕ್ವಾರ್ಟರ್ಸ್ ಒಂದೊಂದೂ ಈಗ ಅದರದ್ದೇ ಸಂಸಾರ, ಬಾಗಿಲು ಕಿತ್ಕೊಂಡು ಹೋದ ಮನೆ ಒಳಗೆಲ್ಲ ಬೆಳ್ಳಗೆ ಹೂ ಬಿಟ್ಕೊಂಡು ನಿಂತಿದೆ, ಗಾಳಿ ಬೀಸ್ತು ಅಂದ್ರೆ ನಂಗೆ ಸೀನು, ಒಂದಲ್ಲ ಎರಡಲ್ಲ, ಅತ್ತೆ ದೇವರ ಮುಂದೆ ಕೂತು ಎಣಿಸ್ತಾರೆ, ಹದಿನಾಲ್ಕು ಕಣೇ ಇವತ್ತು, ಅನ್ಕೊಂಡೇ ಎದ್ದುಹೋಗಿ ಮೆಣಸಿನ ಕಷಾಯ ಕುದಿಸ್ತಾರೆ, ಮುದುಕಿ ಅದೊಂದು ಮಾಡತ್ತೆ, ಸುಳ್ಳು ಹೇಳಬಾರದು. ಸೀನು ನಿಲ್ಲಕ್ಕೆ ಮಾತ್ರೆ, ಒಂದು ಸಾಲದು ಅಂತ ಎರಡು, ಸ್ವಲ್ಪ ನಿದ್ದೆ ಬರತ್ತೆ ಅಷ್ಟೇ ಅಂದಿದ್ರು ಡಾಕ್ಟ್ರು, ನಿದ್ದೆ ಆಗಿದ್ರೆ ಪುಣ್ಯ ಬರ್ತಿತ್ತು, ಇದು ನಿದ್ದೇನೂ ಅಲ್ಲ ಎಚ್ಚರಾನೂ ಅಲ್ಲ, ತಲೆ ತುಂಬ ನೆನೆದ ಅವಲಕ್ಕಿ, ಮಾತ್ರೆ ಬಿಟ್ರೆ ಉಸಿರಿಲ್ಲ, ತಗೊಂಡ್ರೆ ಬುದ್ಧಿ ಇಲ್ಲ, ಎರಡರಲ್ಲಿ ಒಂದು ಆರಿಸ್ಕೋ ಸಮತಾ. ನಾನು ಕೆಲಸ ಮಾಡೋ ಡಿಟಿಪಿ ಅಂಗಡೀಲಿ ಹೋದ ವಾರ ಮದುವೆ ಕಾಗದ ಟೈಪ್ ಮಾಡ್ತಾ ವಧೂವರರನ್ನ ಆಶೀರ್ವದಿಸಿ ಅನ್ನೋ ಜಾಗದಲ್ಲಿ ಮೃತರ ಆತ್ಮಕ್ಕೆ ಶಾಂತಿ ಕೋರಿ ಅಂತ ಹೊಡೆದಿದ್ದೆ, ಹುಡುಗಿಯ ಅಪ್ಪ ಕೈ ಎತ್ತೋದೊಂದು ಬಾಕಿ. ನಿನ್ನೆ ಹಾಲು ಉಕ್ಕಿಸ್ದಾಗ ಅತ್ತೆ ಮಂಕುದಿಣ್ಣೆ ಅಂದ್ರು, ನಾನು ಪಾತ್ರೆ ಉಜ್ಜುತ್ತಾ ಈ ಮುದುಕಿ ಯಾವಾಗ ಹೋಗತ್ತೋ ಅಂದ್ಕೊಂಡೆ, ಜೋರಾಗಿ ಅನ್ಲಿಲ್ಲ, ಅನ್ಲಿಲ್ಲ ತಾನೇ?

ತಡಿ, ಒಂದೊಂದಾಗಿ ನೆನೆಸ್ಕೋ. ಏಳು ಗಂಟೆಗೆ ಇವರು ನೈಟ್ ಶಿಫ್ಟ್ ಮುಗಿಸಿ ಬಂದ್ರು, ನಾನು ಸೀನ್ತಾ ಈರುಳ್ಳಿ ಹೆಚ್ತಿದ್ದೆ, ರೀ ನಂಗೆ ಕೈಬಿಡುವಿಲ್ಲ, ನಿಮ್ಮಮ್ಮಂಗೆ ಇಂಜೆಕ್ಷನ್ ನೀವೇ ಹಾಕಿ ಅಂತ ಒಳಗಿಂದಲೇ ಕೂಗ್ದೆ, ಆಮೇಲೆ ನಡುಮನೆಯಿಂದ ಇವರ ದನಿ, ಆಯ್ತು. ಎಂಥ ಆಯ್ತು ಮಾರಾಯ ಅದು? ಹಾಕ್ತೀನಿ ಬಿಡು ಅನ್ನೋ ಆಯ್ತೋ, ಹಾಕಿ ಮುಗೀತು ಅನ್ನೋ ಆಯ್ತೋ? ನಮ್ಮ ಜನಕ್ಕೆ ಮಾಡೋಕೆ ಮುಂಚೇನೂ ಅದೇ ಮಾತು, ಮಾಡಿದ ಮೇಲೂ ಅದೇ ಮಾತು. ನಾನು ಕೂಗಿದ ತಕ್ಷಣ ಅಂದ್ರಾ, ಹತ್ತು ನಿಮಿಷ ಬಿಟ್ಟು ಅಂದ್ರಾ, ಆ ಹತ್ತು ನಿಮಿಷ ನನ್ನ ತಲೇಲಿ ಇಲ್ಲವೇ ಇಲ್ಲ, ಒರೆಸಿ ಹಾಕಿದ ಹಾಗಿದೆ. ಇವರು ಹೋಗಿ ಮಲಗಿದ್ರು, ಇನ್ಸುಲಿನ್ ಪೆನ್ನು ಫ್ರಿಜ್ಜಿನ ಮೇಲೆ ಹೊರಗಡೆನೇ ಇತ್ತು, ಅದನ್ನ ನೋಡಿ ಹಾಳಾದೋರು ಮರೆತಿದಾರೆ ಅಂತ ಬೈಕೊಂಡೆ, ಬೈಕೊಂಡಿದ್ದು ನಿಜ, ಆಮೇಲೆ ಎತ್ತಿ ಒಳಗಿಟ್ನಾ, ಹದಿನೆಂಟು ಯೂನಿಟ್ಟಿಗೆ ತಿರುಗಿಸಿ ಅತ್ತೆ ಹತ್ರ ಹೋದ್ನಾ? ಅತ್ತೆ ಆದ್ರೂ ಹೇಳಬಾರದಾ, ಅವರಿಗೂ ಕಣ್ಣು ಮಂಜು, ಯಾರು ಚುಚ್ಚಿದ್ರೂ ಸುಮ್ನೆ ಹೊಟ್ಟೆ ಕೊಟ್ಟು ಜಪ ಮಾಡ್ತಾ ಕೂತಿರ್ತಾರೆ. ಹೋಗ್ಲಿ, ಇವರೂ ಹಾಕಿ ನಾನೂ ಹಾಕಿ ಎರಡು ಸಲ ಬಿದ್ದಿದ್ರೂ ತಿಂಡಿ ತಿಂದಿದಾರಲ್ಲ, ಉಪ್ಪಿಟ್ಟು ಇಟ್ಟು ಬಂದೆ, ಚಪ್ಪಲಿ ಹಾಕ್ತಾ ತಿಂಡಿ ಆಯ್ತಾ ಅತ್ತೆ ಅಂದೆ, ಆಯ್ತು ಆಯ್ತು ನೀನು ಬಸ್ ಹಿಡಿ ಅಂದ್ರು.

ಇವತ್ತು ಯಾವ ವಾರ ರೀ, ಪಕ್ಕದ ಹೆಂಗಸು ನನ್ನ ವಿಚಿತ್ರವಾಗಿ ನೋಡಿದ್ಲು, ಮಂಗಳವಾರ ಅಂದ್ಲು. ಮಂಗಳವಾರ ಅತ್ತೆಗೆ ಒಪ್ಪತ್ತು. ಉಚ್ಚಂಗಮ್ಮ ಅಂತ ದೇವಿ ಹೆಸರು ಇಟ್ಕೊಂಡು ಮಂಗಳವಾರ ಬೆಳಿಗ್ಗೆ ಅನ್ನ ಮುಟ್ಟಿದ್ರೆ ನಾಲಿಗೆ ಸೇದ್ಹೋಗತ್ತೆ ಅನ್ನೋ ಪೈಕಿ, ಸಕ್ಕರೆ ಕಾಯಿಲೇಲಿ ಉಪವಾಸ ಮಾಡಿದ್ರೆ ನೆಟ್ಟಗೆ ಮಸಣಕ್ಕೇ ಅಂತ ಡಾಕ್ಟ್ರು ಗದರಿದ ಮೇಲೆ ಬಿಟ್ಟೆ ಅಂತಾರೆ, ನಾನು ಆ ಕಡೆ ಹೋದ್ರೆ ತಿಂಡಿ ಹಸುವಿಗೆ, ನಂಗೆ ಗೊತ್ತು, ಗೊತ್ತಿದ್ದೂ ಕೇಳಿ ಬಂದೆ, ಅವರ ಆಯ್ತು ನಂಬಿ ಬಂದೆ, ಖಾಲಿ ಹೊಟ್ಟೇಲಿ ಎರಡು ಸಲ ಇನ್ಸುಲಿನ್ ಬಿದ್ದಿದ್ರೆ ಸಕ್ಕರೆ ಇಳಿದೇ ಹೋಗತ್ತೆ. ಹೋಲ್ಡನ್ ಹೋಲ್ಡನ್, ಇಳೀಬೇಕು, ಮಾಚೇನಹಳ್ಳೀಲಿ ನಿಲ್ಸಿ, ಕಂಡಕ್ಟರ್ ಏನೋ ಬೈದ, ಬೈಲಿ. ಇವರ ಫೋನು ರಿಂಗ್ ಆಗ್ತಾ ಇದೆ, ಎತ್ತಲ್ಲ, ನೈಟ್ ಶಿಫ್ಟ್ ಮಾಡಿದ ಯೋಗರಾಜನ್ನ ಎಬ್ಬಿಸಬೇಕಾದ್ರೆ ಮನೆಗೆ ಬೆಂಕಿ ಬೀಳಬೇಕು, ಪಕ್ಕದ ಮನೆ ಸರ್ವರ್ ಬೀಗೆ ಮಾಡ್ದೆ, ಅಕ್ಕಾ ಸ್ವಲ್ಪ ನಮ್ಮನೆಗೆ ಹೋಗಿ, ಓಡಿ, ಅತ್ತೇನ ನೋಡಿ, ಯಾಕಮ್ಮಾ ಏನಾಯ್ತು, ಆಮೇಲೆ ಹೇಳ್ತೀನಿ ಓಡಿ ಅಕ್ಕಾ. ಚಪ್ಪಲಿ ಸದ್ದು, ಗೇಟಿನ ಸದ್ದು, ಅವರ ಏದುಸಿರು, ನನ್ನ ಪಕ್ಕ ಲಾರಿ ಮೇಲೆ ಲಾರಿ, ಒಂದು ಸೀನು ಬಂತು, ಇನ್ನೊಂದು, ಥೂ ನಿನ್ನ, ಈಗ್ಲೂ ಬರಬೇಕಾ.

ಯಾ ಅಲ್ಲಾ, ಸಮತಾ, ಅಮ್ಮ ದೇವರ ಮುಂದೆ ಹಂಗೇ ವಾಲ್ಕೊಂಡವ್ರೆ, ಹಳದಿ ಸೀರೆ ಎಲ್ಲಾ ಬೆವರಲ್ಲಿ ತೊಪ್ಪೆ, ಕರೆದ್ರೆ ಕಣ್ಣು ಬಿಡ್ತಾರೆ, ಮಾತಿಲ್ಲ. ಸಕ್ಕರೆ, ಅಕ್ಕಾ, ಸಕ್ಕರೆ ಒದ್ದೆ ಮಾಡಿ ಕೆನ್ನೆ ಒಳಗೆ ಸವರಿ, ನೀರು ಕುಡಿಸ್ಬೇಡಿ, ಇವರನ್ನ ಎಬ್ಬಿಸಿ, ಒದ್ದು ಎಬ್ಬಿಸಿ. ಇವರ ದನಿ, ನಿದ್ದೆ ಮುರಿದ ದನಿ, ನಾನು ಹಾಕಿದ್ನಲ್ಲೇ, ಹಾಕಿ ಆಯ್ತು ಅಂದ್ನಲ್ಲ ನಿಂಗೆ, ಮತ್ತೆ ನೀನೂ ಹಾಕಿದ್ಯಾ? ಹೇಳೇ, ಆಸ್ಪತ್ರೇಲಿ ಕೇಳ್ತಾರೆ, ಹಾಕಿದ್ಯಾ ಇಲ್ವಾ? ಇಲ್ಲ ಅಂದ್ರೆ ಒಪ್ಪತ್ತಿನ ಸುಸ್ತು ಅಂತ ಒಂದು ಗ್ಲೂಕೋಸ್ ಏರಿಸಿ ಮನೆಗೆ ಕಳಿಸಿಬಿಟ್ರೆ, ಸಕ್ಕರೆ ಮತ್ತೆ ಇಳಿದ್ರೆ, ಹೂಂ ಅಂದ್ರೆ ಹೊಸಮನೆ ಬಡಾವಣೇಲಿರೋ ನಾದಿನಿ ಊರಿಗೆಲ್ಲ ಸಾರ್ತಾಳೆ, ಸೊಸೆ ಚುಚ್ಚಿದ್ಲು, ಬೇಕಂತಲೇ ಚುಚ್ಚಿದ್ಲು ಅಂತ, ಮತ್ತೆ ಬೇಕಂತ ಅಲ್ಲ ಅಂತ ಹೇಳಕ್ಕೆ ನನ್ನ ಹತ್ರ ಏನಿದೆ, ನಂಗೇ ನೆನಪಿಲ್ದೆ ಇರೋದಕ್ಕೆ ನಾನು ಹೆಂಗೆ ಸಾಕ್ಷಿ ಹೇಳ್ಲಿ. ಹಳದಿ ಸೀರೆ ಅಂದ್ರು ಸರ್ವರ್ ಬೀ, ಅದನ್ನ ಅತ್ತೆ ಮಂಗಳವಾರ ಬಿಟ್ಟು ಬೇರೆ ದಿನ ಉಡಲ್ಲ, ನಾನು ಸರಿಸಿದ ಸೆರಗು ಯಾವ ಬಣ್ಣದ್ದು? ಹಳದಿ. ಅವರು ಹೇಳಿದ್ದಕ್ಕೆ ಹಳದಿ ಆಯ್ತಾ, ಮೊದಲೇ ಹಳದೀನಾ, ಸಮತಾ ಬಾಯಿ ಬಿಡೇ, ಆಟೋ ಬಂತು — ಹಾಕ್ದೆ ರೀ. ನಾನೂ ಹಾಕ್ದೆ. ಹದಿನೆಂಟು. ಫೋನ್ ಇಟ್ರು. ಹಳದಿ ಸೆರಗು ಸರಿಸ್ತೀನಿ, ಹೊಕ್ಕುಳ ಪಕ್ಕ ಎರಡು ಬೆರಳಲ್ಲಿ ಚರ್ಮ ಹಿಡೀತೀನಿ, ನಾನಿನ್ನೂ ಚುಚ್ಚಿಲ್ಲ, ಬೆರಳ ನಡುವೆ ಆಗ್ಲೇ ಒಂದು ರಕ್ತದ ಚುಕ್ಕೆ ಇದೆ, ಹಸಿ, ನೋಡ್ತಾ ಇದೀನಿ, ಸೆರಗು ಸರಿಸ್ತೀನಿ, ಬೆರಳ ನಡುವೆ, ಆಗ್ಲೇ, ಒಂದು ಚುಕ್ಕೆ