ಬೇವಿನ ಮರದ ಪಾಲು

ನಮ್ಮ ಓಣಿಯಲ್ಲಿ ಗಿನಿಕೋಳಿ ಸಾಕಿದವರು ಎದುರು ಮನೆಯ ವಜೀರುನ್ನಿಸಾ ಖಾಲಾ ಒಬ್ಬರೇ. ಕರಜಗಿಯಲ್ಲಿ ಕಬ್ಬಿನ ಹೊಲ ಮನೆಗಳ ಹಿತ್ತಲಿಗೇ ಹತ್ತಿಕೊಂಡಿರುವುದರಿಂದ ಹಾವಿನ ಕಾಟ ಹೆಚ್ಚು. ಹಾವು ಕಂಡರೆ ಗಿನಿಕೋಳಿ ಎಣ್ಣೆ ಕಾಣದ ಬಾವಿಯ ಗಾಲಿಯಂತೆ ಕಿರುಚಿ ಓಣಿಯನ್ನೆಲ್ಲ ಹೊರಗೆ ಕರೆಯುತ್ತದೆ. ಅದಕ್ಕೆಂದೇ ಅವರು ಒಂದು ಜೋಡಿ ತರಿಸಿದ್ದರು. ಗಂಡನ್ನು ನಾಯಿ ಹಿಡಿಯಿತು. ಉಳಿದ ಹೆಣ್ಣು ಕೆಲವು ದಿನ ಗೋಡೆಯ ಮೇಲೆ ಒಂಟಿಯಾಗಿ ಕೂತು, ಆಮೇಲೆ ಅವರ ಮನೆಯ ಕೆಂಪು ಹುಂಜದ ಹಿಂದೆ ತಿರುಗತೊಡಗಿತು. ನಾನು ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುವವಳು. ಮಂದಿಯ ಮುಂದೆ ಬಾಯಿ ಬಿಡದ ನನಗೆ ಶಾಲೆ ಬಿಟ್ಟಾಗಿನಿಂದ ಅದೇ ಜಾಗ. ಅಲ್ಲಿಂದ ಇದೆಲ್ಲ ಕಾಣುತ್ತಿತ್ತು.

ಒಂದು ದಿನ ಖಾಲಾ ಸೆರಗಿನಲ್ಲಿ ತತ್ತಿ ಕಟ್ಟಿಕೊಂಡು ನಮ್ಮ ಆಯಿಯ ಹತ್ತಿರ ಬಂದರು.

"ಸಾಬವ್ವಕ್ಕ, ನಿಮ್ಮ ಕರಿ ಕೋಳಿ ಕಾವಿಗಿ ಕುಂತದಂತಲ್ಲ. ಇವಿಷ್ಟು ಅದರ ಹೊಟ್ಟಿ ಕೆಳಗ ಇಡ್ರಿ. ನಮ್ಮ ಗಿನಿಗಿ ಕೂಡೂ ಬುದ್ಧಿನೇ ಇಲ್ಲ."

"ಪಾಲಿಗಾದ್ರ ಇಡ್ತೇನಿ ನೋಡು ವಜೀರಾ," ಅಂದಳು ಆಯಿ.

"ಪಾಲಿಗೇ ರೀ. ಅರ್ಧಾ ನಿಮ್ಮವು, ಅರ್ಧಾ ನಮ್ಮವು. ಜಬಾನ್ ಅಂದ್ರ ಜಬಾನ್."

ನಮ್ಮ ಕಡೆ ಈ ರೂಢಿ ಹಳೆಯದು. ತತ್ತಿ ಒಬ್ಬರದು, ಕಾವು ಕೊಡುವ ಕೋಳಿ ಇನ್ನೊಬ್ಬರದು. ಮರಿಗಳು ದೊಡ್ಡವಾದ ಮೇಲೆ ಸಮಪಾಲು.

ಆ ತತ್ತಿಗಳು ಸಣ್ಣವು, ಒಂದು ತುದಿ ಚೂಪು, ಸಿಪ್ಪೆ ಬಲು ಗಟ್ಟಿ. ಆಯಿ ಅವುಗಳ ಜೊತೆಗೇ ನಮ್ಮ ಕೋಳಿಯ ತತ್ತಿಗಳನ್ನೂ ಇಟ್ಟುಬಿಟ್ಟಳು. ಅದೇ ತಪ್ಪಾಯಿತು. ಕೋಳಿಮರಿ ಬೇಗ ಒಡೆಯುತ್ತದೆ, ಗಿನಿಗೆ ಇನ್ನೂ ಒಂದು ವಾರ ಕಾವು ಬೇಕು. ನಮ್ಮ ಮರಿಗಳು ಒಡೆದದ್ದೇ ತಡ, ಕರಿ ಕೋಳಿ ಅವನ್ನು ಕರೆದುಕೊಂಡು ಅಂಗಳಕ್ಕೆ ಇಳಿಯಿತು. ಗಿನಿಯ ತತ್ತಿಗಳು ಬುಟ್ಟಿಗೆ ಹಾಸಿದ ಒಣ ಜೋಳದ ಕಣಿಕೆಯಲ್ಲಿ ತಣ್ಣಗಾಗುತ್ತ ಉಳಿದವು.

ಆಯಿ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಒಂದೊಂದಾಗಿ ಬಿಟ್ಟಳು. ಒಳಗೆ ಜೀವ ಇದ್ದ ತತ್ತಿ ನೀರಿನಲ್ಲಿ ಅಲುಗುತ್ತದೆ. ಯಾವುದೂ ಅಲುಗಲಿಲ್ಲ.

"ಎಲ್ಲಾ ಕೆಟ್ಟಾವು," ಎಂದು ಆಯಿ ಅವನ್ನು ತೆಗೆದು ತಿಪ್ಪೆಗೆ ಹಾಕಲು ಎದ್ದಳು. ಬೋಗುಣಿಯಲ್ಲಿ ಒಂದು ತತ್ತಿ ಇನ್ನೂ ಉಳಿದಿತ್ತು. ಅದರ ಸುತ್ತ ನೀರು ಕೂದಲೆಳೆಯಷ್ಟು ನಡುಗಿದ್ದನ್ನು ನಾನು ಕಂಡೆ. ಹೇಳಲು ಬಾಯಿ ಬರಲಿಲ್ಲ. ಆಯಿಯ ಮುಂಗೈ ಹಿಡಿದುಕೊಂಡೆ. ಅವಳು ಬಗ್ಗಿ ನೋಡಿದಳು. ಇನ್ನೊಮ್ಮೆ ನಡುಗಿತು.

ಹಗಲೆಲ್ಲ ಅದನ್ನು ಹತ್ತಿಯಲ್ಲಿ ಸುತ್ತಿ ಮಡಿಲಿಗೆ ಕಟ್ಟಿಕೊಂಡು ಕೌದಿ ಹೊಲಿಯುತ್ತಿದ್ದೆ. ಸಂಜೆ ಕರಿ ಕೋಳಿ ಮರಿಗಳೊಂದಿಗೆ ಬುಟ್ಟಿಗೆ ಬಂದಾಗ ಅದರ ರೆಕ್ಕೆಯ ಕೆಳಗೆ ಸರಿಸುತ್ತಿದ್ದೆ. ಒಂದು ಮಧ್ಯಾಹ್ನ ಮಡಿಲೊಳಗಿಂದಲೇ ಚಿಕ್ ಎಂಬ ಸದ್ದು ಬಂತು. ಸೂಜಿ ಹಾಗೇ ಬಟ್ಟೆಯಲ್ಲಿ ನಿಂತಿತು.

ಖಾಲಾ ಓಡಿಬಂದು ಮರಿಯನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು.

"ಅರೇ, ಇದು ಗಿನಿನೂ ಅಲ್ಲ, ಕೋಳಿನೂ ಅಲ್ಲ. ನಮ್ಮ ಹುಂಜಂದೇ ಕಿತಾಪತಿ ಇದು."

"ಮತ್ತ ಗಂಡ ಸತ್ತಾಕಿಗಿ ನಿಮ್ಮ ಹುಂಜನ ಬಿಟ್ರ ಯಾರ ಗತಿ ಇದ್ರು," ಅಂದಳು ಆಯಿ. ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕರು.

ಕರಿ ಕೋಳಿ ಅದನ್ನು ತನ್ನದೆಂದು ಒಪ್ಪಲಿಲ್ಲ. ಹತ್ತಿರ ಹೋದರೆ ತಲೆಗೆ ಕುಕ್ಕುತ್ತಿತ್ತು. ಹೀಗಾಗಿ ಅದು ನನ್ನ ಪಾಲಿಗೆ ಬಂತು. ಜೋಳದ ನುಚ್ಚು ತಿಂದರೂ ಅದರ ಆಸೆ ಹುಳದ ಮೇಲೆ. ಹಳೆ ಗಡಿಗೆಯಲ್ಲಿ ಹಸಿ ಸೆಗಣಿ, ಕಣಿಕೆ ತುಂಬಿ ಬದುವಿನ ಹುತ್ತದ ಬಳಿ ಬೋರಲು ಹಾಕಿ ಬರುತ್ತಿದ್ದೆ. ಮರುದಿನ ಎತ್ತಿದರೆ ಗೆದ್ದಲು ತುಂಬಿರುತ್ತಿತ್ತು. ನೆಲದ ಮೇಲೆ ಕೊಡವಿದರೆ ಒಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹೊಟ್ಟೆ ತುಂಬಿದ ಮೇಲೆ ನನ್ನ ಕಾಲಿನ ಮೇಲೆ ಬಂದು ಕೂಡುತ್ತಿತ್ತು. ಆಗ ನಾನು ಅದರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ "ಬಾ ಬಾ ಬಾ" ಅನ್ನುತ್ತಿದ್ದೆ. ಸಂಜೆ ನಾನೇ ಎತ್ತಿ ಬುಟ್ಟಿ ಮುಚ್ಚುತ್ತಿದ್ದೆ.

ಬೆಳೆದಂತೆ ಅದರ ಚೆಲುವು ಹೊರಬಂತು. ತಲೆಗೆ ಜುಟ್ಟಿಲ್ಲ, ಕೊರಳಿಗೆ ಜೋಲುವ ತೊಗಲಿಲ್ಲ. ಬೂದಿ ಬಣ್ಣದ ಮೈತುಂಬ ಸಣ್ಣ ಬಿಳಿ ಗೆರೆಗಳು, ಕೌದಿಯ ದಾರದ ಸಾಲಿನಂತೆ. ಅಷ್ಟು ಸಮನಾಗಿ ನನಗೆ ಇವತ್ತಿಗೂ ಹೊಲಿಯಲು ಬಂದಿಲ್ಲ. ಅದಕ್ಕೆ ಕೌದಿ ಎಂದೇ ಹೆಸರಿಟ್ಟೆ. ಹುಂಜದಂತೆ ಎದೆ ಎತ್ತಿ ನಡೆಯುತ್ತಿತ್ತು, ಹೆದರಿದರೆ ಗಿನಿಯಂತೆ ತಲೆ ತಗ್ಗಿಸಿ ಓಡುತ್ತಿತ್ತು. ಕೂಗಲು ಹೋದರೆ ಅರ್ಧಕ್ಕೆ ಕೂಗು ಮುರಿದು ಕಿರುಚಾಗುತ್ತಿತ್ತು. ಓಣಿಯವರು ನಕ್ಕರೆ ಅದು ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗುತ್ತಿತ್ತು. ನಾನು ಆ ಧೈರ್ಯವನ್ನೇ ನೋಡುತ್ತ ಕೂಡುತ್ತಿದ್ದೆ.

ಖಾಲಾನ ಮಗ ಇಮ್ರಾನ ಗೂಡ್ಸ್ ಗಾಡಿ ಓಡಿಸುತ್ತಾನೆ. ಒಂದು ಸಂಜೆ ಬಂದು ಅಂದ, "ಜೇವರ್ಗಿಯಾಗ ನನ್ನ ದೋಸ್ತ ಒಬ್ಬಂವ ಹಕ್ಕಿ ಸಾಕ್ತಾನ. ಇಂಥಾದು ಕಂಡೇ ಇಲ್ಲ, ತಗೊಂಡ ಬಾ ಅಂತ ಬೆನ್ನ ಹತ್ಯಾನ. ನಾಳಿ ಒಯ್ತೀನ್ರಿ ಆಯಿ."

"ಪಾಲಿಂದು ಅದು. ಹ್ಯಾಂಗ ಒಯ್ತೀದಿ?"

"ತತ್ತಿ ನಮ್ಮದಲ್ಲೇನ್ರಿ?"

"ಕಾವು ಯಾರದು? ನಿಮ್ಮಪ್ಪ ಕುಂತಿದ್ದೇನು?"

"ಒಂದೇ ಮರಿ ಅದಾ. ಅರ್ಧಾ ಮಾಡಬೇಕಂದ್ರ ಕತ್ತಿನೇ ತರಬೇಕು," ಎಂದು ಇಮ್ರಾನ ನಕ್ಕ. ನನ್ನ ಸೂಜಿ ಬೆರಳಿಗೆ ಚುಚ್ಚಿತು. ಕೌದಿ ನನ್ನ ಕಾಲ ಬಳಿ ಧೂಳಿನಲ್ಲಿ ಹೊರಳಾಡುತ್ತಿತ್ತು.

ಖಾಲಾ ಮಗನ ತಲೆಗೊಂದು ತಟ್ಟಿದರು. "ಪಂಚಶೀಲಾನ ಮುಂದ ಹಂಗ ಅಂತಾರೇನಲೇ? ಹಿರಿಯಾರು ಮಾಡಿದಾಂಗ ಮಾಡಮು ಸಾಬವ್ವಕ್ಕ. ದೀಪ ಹಚ್ಚೂ ಹೊತ್ತಿಗಿ ಓಣಿ ನಡುವ ಬಿಡಮು. ಯಾರ ಮನಿ ಹೊಗ್ತದ, ಅವರದು."

ತಕರಾರಿನ ಕೋಳಿಗೆ ನಮ್ಮಲ್ಲಿ ಇದೇ ನ್ಯಾಯ. ಕತ್ತಲಾದರೆ ಕೋಳಿ ತನ್ನ ಗೂಡಿಗೇ ಹೋಗುತ್ತದೆ. ಯಾರೂ ಕರೆಯುವಂತಿಲ್ಲ, ಕಾಳು ತೋರಿಸುವಂತಿಲ್ಲ. ಆಯಿ ಒಪ್ಪಿದಳು. ಇಷ್ಟು ದಿನ ಎತ್ತಿ ಬುಟ್ಟಿಗಿಟ್ಟವಳು ನಾನು. ಕೌದಿಗೆ ತಾನಾಗಿ ಮನೆ ಹೊಕ್ಕು ಗೊತ್ತೇ ಇರಲಿಲ್ಲ.

ಓಣಿಯ ನಡುವೆ ಬೇವಿನ ಮರದ ಬುಡದಲ್ಲಿ ಬಿಟ್ಟರು. ನಮ್ಮ ಕೋಳಿಗಳು ಸಾಲಾಗಿ ಒಳಗೆ ಹೋದವು. ಕೌದಿ ಅವುಗಳ ಹಿಂದೆ ನಮ್ಮ ಹೊಸ್ತಿಲ ತನಕ ಬಂದು ನಿಂತಿತು. ತಿರುಗಿತು. ಖಾಲಾನ ಬಾಗಿಲ ತನಕ ಹೋಯಿತು. ಇಮ್ರಾನ ಗಾಡಿಯಿಂದ ಬುಟ್ಟಿ ತೆಗೆದ. ಅಷ್ಟರಲ್ಲಿ ಮೇಲೆ ಬೇವಿನ ಕೊಂಬೆಯಿಂದ ಗಿನಿ ಒಮ್ಮೆ ಕಿರಗುಟ್ಟಿತು. ಅದು ಮಲಗುವುದು ದಿನಾ ಅಲ್ಲೇ, ಓಣಿಗೆಲ್ಲ ಗೊತ್ತಿದ್ದ ಮಾತು. ನಮ್ಮಲ್ಲಿ ಒಬ್ಬರಿಗೂ ಅದರ ನೆನಪಾಗಿರಲಿಲ್ಲ. ಕೌದಿ ನಾಲ್ಕು ಹೆಜ್ಜೆ ಓಡಿ, ರೆಕ್ಕೆ ಬಡಿದು, ಎಲ್ಲರ ತಲೆಯ ಮೇಲಿಂದ ಹಾರಿ ತಾಯಿಯ ಕೊಂಬೆ ಹತ್ತಿಬಿಟ್ಟಿತು.

ಮೂವರೂ ಕತ್ತು ಎತ್ತಿ ನಿಂತರು.

"ಮರ ಯಾರದ್ರೀಗ?" ಅಂದ ಇಮ್ರಾನ. "ಪಂಚಾಯ್ತಿಗೂ ಒಂದು ಪಾಲು ಕೊಡಬೇಕಾಗ್ತದ. ಇರ್ಲಿ, ಮುಂಜಾನಿ ಇಳೀಲಿ. ಯಾರ ಹಂತ್ಯಾಕ ಬರ್ತದ ನೋಡಮು."

ಬೆಳಿಗ್ಗೆ ಗಿನಿ ಇಳಿಯಿತು, ಕೌದಿ ಇಳಿಯಲಿಲ್ಲ. ಹತ್ತುವುದು ಗೊತ್ತಾಗಿತ್ತು, ಇಳಿಯುವುದು ಗೊತ್ತಿರಲಿಲ್ಲ. ಕಾಗೆಗಳು ಸುತ್ತುಗಟ್ಟಿದವು. ಇಮ್ರಾನ ಸಿಳ್ಳೆ ಹಾಕಿದ, ಖಾಲಾ ತಾಟಿನಲ್ಲಿ ಜೋಳ ಅಲುಗಿಸಿದರು, ಆಯಿ ಕೋಲು ಬೀಸಿದಳು. ಒಂದು ಕಾಗೆ ಅದರ ಬೆನ್ನಿಗೆ ಕುಕ್ಕಿತು, ಬೂದಿ ಬಣ್ಣದ ಗರಿಯೊಂದು ತಿರುಗುತ್ತ ಕೆಳಗೆ ಬಂತು. ಓಣಿಯ ಮಂದಿಯೆಲ್ಲ ನಿಂತಿದ್ದರು. ನಾನು ಬಾಗಿಲ ಹಿಂದಿನಿಂದ ಮರದ ಬುಡಕ್ಕೆ ಬಂದು, ದಿನಾ ಕಿವಿಯಲ್ಲಿ ಹೇಳುತ್ತಿದ್ದುದನ್ನೇ ಗಂಟಲು ಬಿಚ್ಚಿ ಕೂಗಿದೆ.

"ಬಾ ಬಾ ಬಾ."

ಕೌದಿ ತಲೆ ಬಾಗಿಸಿ ನೋಡಿತು. ಕಾಗೆಗಳ ನಡುವಿನಿಂದ ಕಲ್ಲಿನಂತೆ ಬಿತ್ತು. ನೆಲದ ಹತ್ತಿರ ರೆಕ್ಕೆ ಬಿಚ್ಚಿ, ನನ್ನ ಕಾಲಿನ ಮೇಲೆ ಬಂದು ಕೂತಿತು.

"ಪಂಚಶೀಲಾಗ ಬಾಯಿ ಅದಾ ಅಂತ ನನಗ ಇವತ್ತ ಗೊತ್ತಾತು ನೋಡ್ರಿ," ಅಂದರು ಖಾಲಾ. ಮಗನ ಕೈಯಿಂದ ಬುಟ್ಟಿ ಕಸಿದುಕೊಂಡು ತಮ್ಮ ಕಟ್ಟೆಯ ಮೇಲೆ ಬೋರಲು ಹಾಕಿದರು. "ನಿನ್ನ ದೋಸ್ತಗ ಫೋಟೋ ಕಳಸು, ಸಾಕು. ಜೇವರ್ಗಿಯಾಗ ಇದನ್ನ ಮರದಿಂದ ಇಳಸಾವರು ಯಾರು?"

ಈಗ ಕೌದಿ ಎರಡೂ ಅಂಗಳ ಕೆದರುತ್ತದೆ. ಸಂಜೆ ಬೇವಿನ ಮರ ಹತ್ತಿ ತಾಯಿಯಿಂದ ಒಂದು ಗೇಣು ದೂರ ಕೂಡುತ್ತದೆ. ಇಳಿಯುವುದನ್ನು ಇನ್ನೂ ಕಲಿತಿಲ್ಲವೋ, ಬೇಕೆಂದೇ ಕಾಯುತ್ತದೆಯೋ ತಿಳಿಯದು. ಬೆಳಿಗ್ಗೆ ನಾನು ಓಣಿಗೆ ಬಂದು ಜೋರಾಗಿ ಕರೆಯುವ ತನಕ ಕೊಂಬೆ ಬಿಡುವುದಿಲ್ಲ.