ಸೇತುವೆಗೆ ಐನೂರು ಅಡಿ ಮೊದಲು

ನೀರಿನ ಬಾಟಲಿಯನ್ನು ಯಾರಾದರೂ ಹಾಗೆ ಎರಡು ಕೈಗಳಲ್ಲಿ ಹಿಡಿಯುತ್ತಾರೆಯೇ, ಕತ್ತಿನ ಬಳಿ ಒಂದು ಕೈ, ತಳದಲ್ಲಿ ಇನ್ನೊಂದು, ಒಡೆದುಹೋಗುವ ವಸ್ತುವೇನೋ ಎಂಬಂತೆ — ಪ್ಲಾಸ್ಟಿಕ್ಕು ತಾನೇ, ಬಿದ್ದರೆ ಉರುಳುತ್ತದೆ ಅಷ್ಟೆ — ಈ ತನಿಷಾ, ಹದಿನಾಲ್ಕು ವರ್ಷದವಳು, ರಘೋತ್ತಮ ಅಂಕಲ್‌ರ ಮೊಮ್ಮಗಳು, ವಾದ ಮುಗಿಸಿ ವೇದಿಕೆಯ ಬಲಕ್ಕೆ ನಿಂತಿದ್ದಾಳೆ, ಎಡಕ್ಕೆ ಪ್ಲೇನ್‌ಫೀಲ್ಡಿನ ಕುನಾಲ್, ಅವನ ಕೈಗಳು ಜೇಬಿನಲ್ಲಿ, ಇಬ್ಬರೂ ನನ್ನ ಪೆನ್ಸಿಲನ್ನೇ ನೋಡುತ್ತಿದ್ದಾರೆ, ಶಿಕಾಗೋ ಬಳಿಯ ವೆಸ್ಟ್‌ಮಂಟಿನ ಈ ಬಾಡಿಗೆ ಸಭಾಂಗಣದ ನೂರೈವತ್ತು ಮಂದಿಯೂ ಅದನ್ನೇ ನೋಡುತ್ತಿದ್ದಾರೆ, ಹಿಂದಿನ ಮೇಜುಗಳಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದೆ, ಊಟಕ್ಕೆ ತಡವಾಗುತ್ತಿದೆ, ಆಗಲಿ. ತೀರ್ಪುಗಾರರು ನಾವು ಮೂವರು, ಸುಚೇತಾ ಆಂಟಿಯ ಚೀಟಿಯಲ್ಲಿ ಕುನಾಲ್, ಬಷೀರ್ ಅಂಕಲ್‌ರ ಚೀಟಿಯಲ್ಲಿ ತನಿಷಾ, ಮೂರನೆಯ ಚೀಟಿ ನನ್ನದು, ಖಾಲಿ. ನೀ ಹೇಳಿದ್ದಾ ಫೈನಲ್ ನೋಡವಾ ಇಳಾ, ಎಂದು ಬಷೀರ್ ಅಂಕಲ್ ಬಾಗಿ ಪಿಸುಗುಟ್ಟುತ್ತಾರೆ, ಕಲಬುರಗಿ ಬಿಟ್ಟು ಮೂವತ್ತು ವರ್ಷವಾದರೂ ಅವರ ಮಾತು ಸವೆದಿಲ್ಲ, ಜಲ್ದಿ ಬರಿಯವಾ, ಮಂದಿ ಹಸದಾರ. ಹಸಿಯಲಿ. ಮೊದಲನೆಯ ಸಾಲಿನ ನಡುಕುರ್ಚಿಯಲ್ಲಿ ರಘೋತ್ತಮ ಅಂಕಲ್, ರೇಷ್ಮೆಯ ಜುಬ್ಬ, ಮೊಮ್ಮಗಳ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನಗು ಹಂಚುತ್ತಿದ್ದಾರೆ, ಆ ನಗುವನ್ನು ನಾನು ಹದಿನೇಳು ವರ್ಷಗಳಿಂದ ಬಲ್ಲೆ, ಅದರ ಅಳತೆ ಬಲ್ಲೆ, ಅವರ ಹಿಂದಿನ ಬ್ಯಾನರಿನಲ್ಲಿ ವಿಷಯವೂ ಅದೇ, ವಿದೇಶದಲ್ಲಿ ಹುಟ್ಟಿದ ಪ್ರಜೆ ಅಮೆರಿಕದ ಅಧ್ಯಕ್ಷರಾಗಬಹುದೆ, ಬಾರದೆ — ಕನ್ನಡ ಕೂಟದ ಚರ್ಚಾಸ್ಪರ್ಧೆಗೆ ವಿಷಯ ಆರಿಸುವವರು ಅವರೇ, ಅಂದೂ ಅವರೇ ಆರಿಸಿದ್ದರು, ಅಂದು ನನಗೆ ಹದಿನಾರು, ಡೆಟ್ರಾಯಿಟ್ ಬಳಿಯ ರಾಚೆಸ್ಟರ್ ಹಿಲ್ಸಿನ ಶಾಲೆಯ ಸಭಾಂಗಣ, ಯಾರು ಯಾವ ಪಕ್ಷವೆಂದು ನಿರ್ಧರಿಸಲು ಜೇಬಿನಿಂದ ನಾಣ್ಯ ತೆಗೆದು ಮೈಕಿನಲ್ಲಿ ಹೇಳಿದ್ದರು, ಇಳಾಗೋಸ್ಕರ ಅವಳ ದೇಶದ ಕಾಸೇ ತಂದಿದೀನಿ ಕಣ್ರಪ್ಪಾ, ಕೆನಡಾದ್ದು, ರಾಣಿ ತಲೆ ನೋಡಿ, ಎಂದು. ಡೆಟ್ರಾಯಿಟಿನವರ ಜೇಬಿನಲ್ಲಿ ಅಂಥ ನಾಣ್ಯಗಳು ಸದಾ ನಾಲ್ಕಾರು ಇರುತ್ತವೆ, ನದಿಯ ಆಚೆ ದಡವೇ ಕೆನಡಾ, ಆದರೂ ಎಲ್ಲರೂ ನಕ್ಕರು, ಏಕೆಂದರೆ ನಾನು ಆಚೆ ದಡದ ವಿಂಡ್ಸರಿನಲ್ಲಿ ಹುಟ್ಟಿದವಳೆಂದು ಎಲ್ಲರಿಗೂ ತಿಳಿದಿತ್ತು, ಇಪ್ಪತ್ತು ದಿನದ ಕೂಸಾಗಿ ಈಚೆ ಬಂದೆ, ಹದಿನಾಲ್ಕರಲ್ಲಿ ಅಪ್ಪ ಅಮ್ಮನೊಂದಿಗೆ ಪ್ರಜೆಯಾದೆ, ಆದರೂ ಹುಟ್ಟು ಆಚೆಯದು, ಅಧ್ಯಕ್ಷಳಾಗಕೂಡದೆನ್ನಲು ಸಂವಿಧಾನಕ್ಕೆ ಅಷ್ಟು ಸಾಕು. ರಾಣಿ ಬಿದ್ದರೆ ಆಗಬಾರದು, ಕೊಂಬಿನ ಜಿಂಕೆ ಬಿದ್ದರೆ ಆಗಬಹುದು. ರಾಣಿಯೇ ಬಿದ್ದಳು. ನಾನು ನನ್ನ ವಿರುದ್ಧ ವಾದಿಸಿದೆ.

ಚೆನ್ನಾಗಿ ವಾದಿಸಿದೆ, ಅದೇ ದುರಂತ, ಗ್ಯಾರೇಜಿನ ರಟ್ಟಿನ ಪೆಟ್ಟಿಗೆಯಲ್ಲಿ ಅಪ್ಪನ ಹಳೆಯ ಪತ್ತೇದಾರಿ ಕಾದಂಬರಿಗಳಿದ್ದವು, ಮುಖಪುಟವಿಲ್ಲದವು, ಕೊನೆಯ ಪುಟವಿಲ್ಲದವು, ನನಗೆ ಕನ್ನಡ ಬಂದದ್ದು ಅವುಗಳಿಂದ, ನ್ಯಾಯಾಲಯದ ದೃಶ್ಯಗಳನ್ನು ಬಾಯಿಪಾಠ ಮಾಡಿದ್ದೆ, ಆ ವಕೀಲರ ಗತ್ತಿನಲ್ಲೇ ಹೇಳಿದೆ, ಒಂದು ದೇಶವನ್ನು ಬಿಟ್ಟು ಬಂದವರು ಇನ್ನೊಂದನ್ನು ಬಿಡಲಾರರೆಂದು ಯಾವ ಭರವಸೆಯ ಮೇಲೆ ನಂಬೋಣ, ಎಂದೆ. ಚಪ್ಪಾಳೆ. ಮೊದಲ ಬಹುಮಾನ. ಅಂಕಲ್ ನನ್ನ ಹೆಗಲ ಮೇಲೆ ಕೈಯಿಟ್ಟು ಮೈಕಿನಲ್ಲಿ, ಕೇಳಿದ್ರಲ್ಲ, ಕೆನಡಾ ಹುಡುಗೀನೇ ಒಪ್ಕೊಂಡ್ಳು, ಕೇಸ್ ಕ್ಲೋಸ್! ಅಪ್ಪನೂ ನಕ್ಕರು. ಅಮ್ಮ ನಗಲಿಲ್ಲ, ಮಡಿಲನ್ನು ನೋಡುತ್ತಿದ್ದಳು, ಏಕೆಂದು ಅಂದು ತಿಳಿಯಲಿಲ್ಲ. ನನಗೆ ಅಧ್ಯಕ್ಷಳಾಗುವ ಆಸೆ ಎಂದೂ ಇರಲಿಲ್ಲ, ಬೇಡ ಎಂದು ನಾನೇ ಹೇಳುವ ಹಕ್ಕು ಬೇಕಾಗಿತ್ತು, ಅದನ್ನು ಅವರು ನನ್ನ ಬಾಯಿಂದಲೇ ಬಿಡಿಸಿಕೊಂಡರು. ಆಮೇಲೆ ಕಾಲೇಜು ಎರಡನೆಯ ವರ್ಷಕ್ಕೆ ನಿಂತಿತು — ಆ ನಗುವಿಗೂ ಇದಕ್ಕೂ ಸಂಬಂಧವಿಲ್ಲ, ಇಲ್ಲವೇ ಇಲ್ಲ — ಆಮೇಲೆ ವ್ಯಾನು, ಕಾರಿನ ಬಿಡಿಭಾಗದ ಕಂಪನಿಗಳಿಂದ ತುರ್ತು ಪೆಟ್ಟಿಗೆಗಳನ್ನು ಹೊತ್ತು ಡೆಟ್ರಾಯಿಟಿನಿಂದ ಶಿಕಾಗೋ, ಶಿಕಾಗೋದಿಂದ ಟೊಲೀಡೊ, ಒಂದೇ ಊರಿನಲ್ಲಿ ಮೂರು ದಿನ ನಿಂತರೆ ಅಂಗಾಲು ಉರಿಯುತ್ತದೆ ನನಗೆ. ಈಗಲೂ ಮೂರುಸಾರಿ ಯೋಚಿಸಿ ಬೇಡವೆನ್ನಬಹುದಿತ್ತು, ಆದರೆ ಅಂಕಲ್ ಫೋನಿನಲ್ಲಿ, ಇಳಾ, ಹಳೇ ಚಾಂಪಿಯನ್ನು ನೀನು, ಈ ಸಲ ಮುಖ್ಯ ಜಡ್ಜ್ ಆಗ್ಬೇಕು, ತೀರ್ಪಿಗೆ ಮುಂಚೆ ಐದು ನಿಮಿಷ ಮಾತಾಡೋದೂ ಇರುತ್ತೆ, ಎಂದಾಗ ಒಪ್ಪಿಕೊಂಡೆ, ಐದು ನಿಮಿಷದಲ್ಲಿ ಒಬ್ಬ ಮನುಷ್ಯನನ್ನು ಏನೇನು ಮಾಡಬಹುದೆಂದು ಲೆಕ್ಕ ಹಾಕುತ್ತಲೇ ಒಪ್ಪಿಕೊಂಡೆ.

ಅಸ್ತ್ರವನ್ನು ಕೊಟ್ಟವಳು ಅಮ್ಮ, ಇವತ್ತು ಬೆಳಿಗ್ಗೆ, ಬ್ಯಾಟಲ್ ಕ್ರೀಕಿನ ಎಕ್ಸಿಟ್ ದಾಟುವಾಗ, ಪಕ್ಕದ ಸೀಟಿನಲ್ಲಿ ಕಿತ್ತಳೆ ಸುಲಿಯುತ್ತ, ಏನೂ ಅಲ್ಲವೆಂಬಂತೆ. ನನಗೆ ಅಪ್ಪ ಹೇಳಿದ್ದ ಕಥೆ ಬೇರೆ — ಅವರು ಹೋಗಿ ಆರು ವರ್ಷ, ಕೊನೆಯವರೆಗೂ ಅದನ್ನೇ ಹೇಳಿದರು — ಟೊರಾಂಟೊದಲ್ಲಿ ವೀಸಾ ಸ್ಟಾಂಪಿಂಗ್ ಮುಗಿಸಿ ಹಿಂದಿರುಗುತ್ತಿದ್ದರು, ಅಮ್ಮನಿಗೆ ಎಂಟನೆಯ ತಿಂಗಳು, ಅಪ್ಪನಿಗಿನ್ನೂ ಲೈಸೆನ್ಸ್ ಇರಲಿಲ್ಲ, ಕಾರು ರಘೋತ್ತಮ ಅಂಕಲ್‌ರದು, ಡೆಟ್ರಾಯಿಟಿಗೆ ದಾಟುವ ಸೇತುವೆಯ ಮೇಲೆ ಕಾರುಗಳ ಸಾಲು, ಅಷ್ಟರಲ್ಲಿ ನೀರೊಡೆಯಿತು, ವಿಂಡ್ಸರಿನ ಆಸ್ಪತ್ರೆಗೆ ತಿರುಗಿಸಿದರು. ಸಾಲೆಲ್ಲಿತ್ತೇ, ಎಂದಳು ಅಮ್ಮ, ಸೇತುವೆ ಖಾಲಿ ಇತ್ತು. ಮತ್ತೆ? ಅಯ್ಯೋ, ಸೇತುವೆಗೆ ಐನೂರು ಅಡಿ ಮೊದಲು ಡ್ಯೂಟಿ ಫ್ರೀ ಅಂಗಡಿ ಇಲ್ವಾ, ಒಂದೇ ನಿಮಿಷ ಅತ್ತಿಗೆ ಅಂತ ಅಲ್ಲಿ ನಿಲ್ಲಿಸಿದ್ರು ನಿಮ್ಮ ಅಂಕಲ್ಲು, ವಿಸ್ಕಿ ತಗೊಳೋಕೆ, ಯಾವ್ದು ಒಳ್ಳೇದು ಯಾವ್ದು ಸೋವಿ ಅಂತ ಮೂವತ್ತೈದು ನಿಮಿಷ, ನಾನು ಕಾರಲ್ಲಿ, ಬೆನ್ನು ಹಿಡ್ಕೊಂಡಿತ್ತು ಆಗ್ಲೇ. ಆಮೇಲೆ? ಆಮೇಲೆ ಬಾಟ್ಲಿ ತಂದು, ಡಿಕ್ಕಿ ತುಂಬಿದೆ ಅತ್ತಿಗೆ, ಇದೊಂದು ಹಿಡ್ಕೊಳ್ಳಿ, ಬೀಳಿಸಬೇಡಿ, ಅಂದ್ರು. ಹಿಡ್ಕೊಂಡೆ. ಆಗ್ಲೇ ನೀರೊಡೀತು. ಆಸ್ಪತ್ರೆಯವರೆಗೂ ಹಿಡ್ಕೊಂಡೇ ಇದ್ದೆ, ಎರಡು ಕೈಲೂ, ಬೇರೆಯವರ ವಸ್ತು ಅಲ್ವಾ. ವ್ಹೀಲ್‌ಚೇರಿಗೆ ಇಳಿಸುವಾಗ ನರ್ಸ್ ಒಂದೊಂದೇ ಬೆರಳು ಬಿಡಿಸಿ ಬಾಟಲಿಯನ್ನು ತೆಗೆದುಕೊಳ್ಳಬೇಕಾಯಿತಂತೆ. ನಿನ್ನ ನಾಮಕರಣದ ದಿನ ಅದನ್ನೇ ಓಪನ್ ಮಾಡಿದ್ರು, ಎಂದು ಅಮ್ಮ ಕಿತ್ತಳೆಯ ತೊಳೆಯನ್ನು ನನ್ನ ಬಾಯಿಗಿಟ್ಟಳು, ನಾನು ಅಗಿಯಲಿಲ್ಲ, ಎಪ್ಪತ್ತೈದರ ವೇಗದಲ್ಲಿದ್ದೆ, ಮುಂದಿನ ಲಾರಿಯ ಕೆಂಪು ದೀಪಗಳು ಮಂಜಾದವು. ಇಷ್ಟು ವರ್ಷ ಯಾಕಮ್ಮಾ ಹೇಳಲಿಲ್ಲ? ಬಿಡೇ, ಹಳೇದು, ನಿಮ್ಮಪ್ಪನ ಸ್ನೇಹಿತರು. ಬಿಡುವುದೆಲ್ಲಿಗೆ. ಗಡಿಯ ಆಚೆ ನನ್ನನ್ನು ಹುಟ್ಟಿಸಿದ ಮನುಷ್ಯನೇ ಗಡಿಯ ಆಚೆ ಹುಟ್ಟಿದವಳೆಂದು ನನ್ನನ್ನು ಊರಿಗೆಲ್ಲ ತೋರಿಸಿ ನಕ್ಕದ್ದು, ಅವನ ವಿಸ್ಕಿಯ ಮೂವತ್ತೈದು ನಿಮಿಷ ನನ್ನ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳವಾಗಿ ಕೂತಿದೆ, ಗ್ಯಾರಿ ದಾಟಿ ಶಿಕಾಗೋದ ಕಟ್ಟಡಗಳು ಕಾಣುವ ಹೊತ್ತಿಗೆ ನನ್ನ ಐದು ನಿಮಿಷದ ಭಾಷಣ ಸಿದ್ಧವಾಗಿತ್ತು, ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಪತ್ತೇದಾರ ಎಲ್ಲರನ್ನೂ ಕೋಣೆಯಲ್ಲಿ ಕೂರಿಸಿ ಬೆರಳು ತೋರಿಸುವಂತೆ, ಇವರೇ.

ಆದರೆ ಆ ಹುಡುಗಿ ನನಗಿಂತ ಮೊದಲು ಬೆರಳು ತೋರಿಸಿಬಿಟ್ಟಳು. ಮಧ್ಯಾಹ್ನ ಅಂಕಲ್‌ರ ಅದೇ ರಾಣಿಯ ನಾಣ್ಯವನ್ನು ನಾನೇ ಚಿಮ್ಮಿದ್ದೆ, ಬಹುಮಾನದೊಂದಿಗೆ ಅಂದು ನನಗೇ ಕೊಟ್ಟಿದ್ದರು, ನೆನಪಿಗಿಟ್ಕೊಳ್ಳಮ್ಮ ಎಂದು, ತನಿಷಾಗೆ ಆಗಬಹುದು ಬಿದ್ದಿತು, ಕುನಾಲ್‌ಗೆ ಆಗಬಾರದು. ಕುನಾಲ್ ಒಳ್ಳೆಯ ಹುಡುಗ, ಕಂಠಪಾಠ ಶುದ್ಧ, ಸೊಸೆಗೆ ಮನೆ ಬೀಗದ ಕೈ ಕೊಡ್ತೀವಿ, ಮನೇನೇ ಬರೆದು ಕೊಡ್ತೀವಾ, ಎಂದ, ತನಿಷಾ ಉತ್ತರವಾಗಿ, ಮನೆ ನಡೆಸ್ತಿರೋದೇ ಸೊಸೆಯಂದಿರು, ಡೌಟ್ ಇದ್ರೆ ಹಿಂದೆ ಅಡಿಗೆ ಬಡಿಸೋಕೆ ನಿಂತಿರೋರನ್ನ ಕೇಳಿ, ಎಂದಳು, ಹೆಂಗಸರು ಸೌಟಿನಿಂದ ಪಾತ್ರೆ ಬಡಿದರು. ನಾನು ಇಲ್ಲೇ ಹುಟ್ಟಿದೆ, ಯಾವತ್ತೂ ಕೈ ಎತ್ತಿ ಪ್ರಮಾಣ ಮಾಡಿಲ್ಲ, ನಮ್ಮಮ್ಮ ಕೋರ್ಟಲ್ಲಿ ನಿಂತು ಮಾಡಿದಾರೆ, ಹಾಗಿದ್ರೆ ಡೌಟ್ ಯಾರ ಮೇಲೆ ಬರಬೇಕು, ಎಂದಳು, ನನ್ನ ಪೆನ್ಸಿಲ್ ತಾನಾಗಿಯೇ ಹತ್ತಕ್ಕೆ ಒಂಬತ್ತು ಬರೆಯಿತು. ಅದಾದಮೇಲೆ, ಈ ಹಾಲ್‌ನಲ್ಲೇ ಒಬ್ಬರು ಅಕ್ಕ ಇದಾರೆ, ನಮ್ಮ ತಾತ ವಿಸ್ಕಿ ತಗೊಳೋಕೆ ಕಾರ್ ನಿಲ್ಲಿಸಿದ್ದಕ್ಕೆ ಕೆನಡಾದಲ್ಲಿ ಹುಟ್ಟಿದೋರು, ನಮ್ಮನೇಲಿ ಎಲ್ಲಾ ಹಬ್ಬಕ್ಕೂ ತಾತ ಈ ಕಥೆ ಹೇಳ್ತಾರೆ, ಅಧ್ಯಕ್ಷರು ಯಾರಾಗ್ಬೇಕು ಅಂತ ಲಿಕ್ಕರ್ ಶಾಪ್ ಡಿಸೈಡ್ ಮಾಡ್ಬೇಕಾ? ಸಭಾಂಗಣ ಬಿದ್ದು ಬಿದ್ದು ನಕ್ಕಿತು. ರಘೋತ್ತಮ ಅಂಕಲ್ ಎದ್ದು ನಿಂತು ನಾಟಕದ ರಾಜನಂತೆ ಸುತ್ತಲೂ ಕೈಮುಗಿದರು, ಗಿಲ್ಟಿ ಗಿಲ್ಟಿ, ಎಂದರು, ಇನ್ನಷ್ಟು ನಗು. ಹಬ್ಬ ಹಬ್ಬಕ್ಕೂ. ನನಗೆ ಇವತ್ತು ಬೆಳಿಗ್ಗೆ ತಿಳಿದದ್ದು ಅವರ ಮನೆಯಲ್ಲಿ ಪಾಯಸದ ಜೊತೆ ಬಡಿಸುವ ತಮಾಷೆ. ನನ್ನ ಐದು ನಿಮಿಷ ಬೂದಿಯಾಯಿತು, ನಗುತ್ತ ಒಪ್ಪಿಕೊಂಡವನ ಮೇಲೆ ಯಾವ ಆರೋಪ ಹೊರಿಸಲಿ.

ಉಳಿದದ್ದು ಪೆನ್ಸಿಲು. ಕುನಾಲ್ ಎಂದು ಮೂರಕ್ಷರ ಬರೆದರೆ ಮೊದಲ ಸಾಲಿನ ಆ ಹಲ್ಲುಗಳು ಒಳಗೆ ಹೋಗುತ್ತವೆ, ಮೊಮ್ಮಗಳು ಸೋತಳು, ಅವರ ಕಥೆ ಹೇಳಿಯೂ ಸೋತಳು, ಬರೆ, ಬರೆದುಬಿಡು — ಕು ಬರೆದೆ — ಆದರೆ ಕೊನೆಯ ಸುತ್ತಿನಲ್ಲಿ ಆ ಹುಡುಗ ಗಂಟಲು ಸರಿಮಾಡಿಕೊಂಡು ಹೇಳಿದ್ದೇನು, ಒಂದು ದೇಶವನ್ನು ಬಿಟ್ಟು ಬಂದವರು ಇನ್ನೊಂದನ್ನು ಬಿಡಲಾರರೆಂದು ಯಾವ ಭರವಸೆಯ ಮೇಲೆ ನಂಬೋಣ, ಅಕ್ಷರಶಃ, ನಿಲ್ಲಿಸುವ ಕಡೆ ನಿಲ್ಲಿಸಿ, ಕೂಟದ ಸ್ಮರಣ ಸಂಚಿಕೆಯಲ್ಲಿ ನನ್ನ ಭಾಷಣವನ್ನು ಅಚ್ಚು ಹಾಕಿದ್ದರು, ಹದಿನೇಳು ವರ್ಷಗಳಿಂದ ಮಕ್ಕಳು ಅದನ್ನು ಉರುಹೊಡೆಯುತ್ತಿದ್ದಾರೆ, ನನ್ನ ಹದಿನಾರು ವರ್ಷದ ಬಾಯಿ ಇಲ್ಲಿನ್ನೂ ಓಡಾಡಿಕೊಂಡಿದೆ, ಕುನಾಲ್‌ಗೆ ಮತ ಹಾಕುವುದೆಂದರೆ ಅಂದಿನ ಆ ನನಗೇ ಹಾಕುವುದು, ನನ್ನ ವಿರುದ್ಧ ನಾನೇ ಎರಡನೆಯ ಸಾರಿ ಸಹಿ ಹಾಕುವುದು, ಕೇಸ್ ಕ್ಲೋಸ್. ಇಲ್ಲ. ಕು ಅಳಿಸಿದೆ. ತನಿಷಾ ಎಂದು ಬರೆದೆ, ಕಾಗದ ಹರಿಯುವಷ್ಟು ಒತ್ತಿ. ಚೀಟಿಯನ್ನು ಬಷೀರ್ ಅಂಕಲ್‌ರ ಕೈಗಿಟ್ಟು ಎದ್ದೆ, ಮೈಕಿನ ಮುಂದೆ ಗಾಜಿನ ಟ್ರೋಫಿ, ಸಣ್ಣ ಕತ್ತು, ಅಗಲ ತಳ, ಅದನ್ನು ನೋಡಿದ ಕ್ಷಣ ಹೊಳೆಯಿತು, ಹುಡುಗಿ ಹೇಳಿದ ತಮಾಷೆಯಲ್ಲಿ ಅಂಗಡಿಯಿತ್ತು, ವಿಸ್ಕಿಯಿತ್ತು, ಅಮ್ಮನ ಕೈಗಳಿರಲಿಲ್ಲ. ರಘೋತ್ತಮ ಅಂಕಲ್, ಒಂದೇ ನಿಮಿಷ, ಮೇಲೆ ಬನ್ನಿ, ಎಂದೆ. ಬಂದರು, ಜುಬ್ಬ ಸರಿಮಾಡಿಕೊಳ್ಳುತ್ತ. ಇದೊಂದು ಹಿಡ್ಕೊಳ್ಳಿ, ಬೀಳಿಸಬೇಡಿ. ಹಿಡಿದುಕೊಂಡರು, ಎರಡು ಕೈಗಳಲ್ಲಿ, ಗಾಜು ಭಾರವಿದೆ. ಯಾರಿಗಮ್ಮ ಕೊಡ್ಲಿ? ಹಿಡ್ಕೊಂಡಿರಿ ಅಂಕಲ್. ಅವರ ಜೇಬಿನಲ್ಲಿ ಫೋನು ಹಾಡತೊಡಗಿತು, ತೆಗೆಯಲು ಕೈಯಿಲ್ಲ, ಮೂಗಿನ ತುದಿಯಲ್ಲಿ ಬೆವರು, ಒರೆಸಲು ಕೈಯಿಲ್ಲ, ತಾತಾ, ಡೋಂಟ್ ಡ್ರಾಪ್ ಇಟ್, ಎಂದು ತನಿಷಾ ನಕ್ಕಳು, ಜನ ನಕ್ಕರು, ನಗು ಮೆಲ್ಲಗೆ ಮುಗಿಯಿತು, ಅವರು ಇನ್ನೂ ಹಿಡಿದುಕೊಂಡಿದ್ದರು. ಬಷೀರ್ ಅಂಕಲ್ ಚೀಟಿಯನ್ನು ಬಿಡಿಸಲಿಲ್ಲ, ನನ್ನ ಮುಖ ನೋಡಿದರು, ಎಷ್ಟೊತ್ತವಾ? ಮೂವತ್ತೈದು ನಿಮಿಷ ಅಂಕಲ್. ಅವರು ಚೀಟಿಯನ್ನು ಚಹಾದ ಲೋಟದ ಕೆಳಗಿಟ್ಟರು. ಏನಮ್ಮಾ ಇಳಾ ಇದು, ಎಂದ ರಘೋತ್ತಮ ಅಂಕಲ್‌ರ ದನಿಯಲ್ಲಿ ಮೊದಲನೆಯ ಬಾರಿ ನಗುವಿಲ್ಲ, ನೋಡಿಕೋ, ನಿಲ್ಲು, ಬೆನ್ನು ಹಿಡಿದುಕೊಳ್ಳಲಿ, ನಾನು ಮೆಟ್ಟಿಲಿಳಿದು ಬಾಗಿಲ ಕಡೆ ನಡೆದೆ, ವ್ಯಾನಿನ ಕೀಲಿ ಕೈಯಲ್ಲಿದೆ, ಕರೆದೊಯ್ಯಬೇಕು ಅಮ್ಮನನ್ನು, ಮೂರನೆಯ ಸಾಲಿನಲ್ಲಿ ಕೊನೆಯ ಕುರ್ಚಿ, ಅಮ್ಮಾ ಏಳು ಎನ್ನಲು ಬಾಗಿದೆ, ಅಮ್ಮ ನನ್ನನ್ನು ನೋಡುತ್ತಿಲ್ಲ, ವೇದಿಕೆಯನ್ನು ನೋಡುತ್ತಿದ್ದಾಳೆ, ಗಾಜನ್ನು, ಅದು ಬೀಳಬಾರದೆಂದು, ಮತ್ತು ಅವಳ ಮಡಿಲಿನಲ್ಲಿ ಎರಡು ಕೈಗಳು, ಮೇಲೊಂದು, ಕೆಳಗೊಂದು, ನಡುವೆ ಏನೂ ಇಲ್ಲ, ಬೆರಳುಗಳು ಬಿಳಿಚಿಕೊಂಡಿವೆ, ಒಂದನ್ನು ಬಿಡಿಸಲು ನೋಡಿದೆ, ಬರಲಿಲ್ಲ, ಮೇಲೊಂದು ಕೈ, ಕೆಳಗೊಂದು ಕೈ, ನಡುವೆ ಏನೂ ಇಲ್ಲ, ಮೇಲೊಂದು ಕೈ, ಕೆಳಗೊಂದು