ಫಕ್ಕೀರವ್ವನ ಕೊಡ ಮತ್ತು ನನ್ನ ಪಾದರಸ

ನನಗೆ ಹೃದಯವಿಲ್ಲ. ಆದರೂ ಇಪ್ಪತ್ತಾರು ವರ್ಷ ಹೃದಯಗಳ ಸದ್ದಿನ ನಡುವೆಯೇ ಬದುಕಿದೆ. ನಾನು ರಕ್ತದೊತ್ತಡ ಅಳೆಯುವ ಉಪಕರಣ. ಹಳೆಯ ಕಾಲದ, ಪಾದರಸದ ಜಾತಿ. ತಗಡಿನ ಉದ್ದನೆಯ ಪೆಟ್ಟಿಗೆಯೇ ನನ್ನ ಮೈ. ಮುಚ್ಚಳ ಎತ್ತಿದರೆ ಒಂದು ಗಾಜಿನ ಕೊಳವೆ ನೆಟ್ಟಗೆ ನಿಲ್ಲುತ್ತದೆ. ಅದರ ಪಕ್ಕದಲ್ಲಿ ಸೊನ್ನೆಯಿಂದ ಮುನ್ನೂರರವರೆಗೆ ಗೆರೆಗಳು. ತೋಳಿಗೆ ಸುತ್ತುವ ಪಟ್ಟಿ, ಗಾಳಿ ತುಂಬುವ ರಬ್ಬರ್ ಬುರುಡೆ ನನ್ನ ಕೈಗಳು.

ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ನನಗೆ ಪಾದರಸ ಸುರಿದ ಮುದುಕ ಆ ಹೊತ್ತು ಉಸಿರು ಬಿಗಿ ಹಿಡಿದಿದ್ದ. ಆಮೇಲೆ ಕಣ್ಣನ್ನು ನನ್ನ ಮಟ್ಟಕ್ಕೆ ತಂದು ಒಂದನ್ನೇ ನೋಡಿದ: ಯಾರ ತೋಳೂ ಇಲ್ಲದಾಗ ನಾನು ಸೊನ್ನೆಯಲ್ಲಿ ನಿಲ್ಲುತ್ತೇನೆಯೇ? ನಿಂತೆ. ಅವನು ತಲೆಯಾಡಿಸಿ ಮುಚ್ಚಳ ಹಾಕಿದ. ಸೊನ್ನೆಯಲ್ಲಿ ಸರಿಯಾಗಿ ನಿಲ್ಲದ ಉಪಕರಣ ಮೇಲೆ ಎಲ್ಲಿ ನಿಂತರೂ ಸುಳ್ಳೇ ಎಂಬುದು ನಾನು ಕಲಿತ ಮೊದಲ ಪಾಠ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎಂಟು ತಿಂಗಳು ಧೂಳು ತಿಂದ ಮೇಲೆ ಡಾಕ್ಟರ್ ಸುಮಿತ್ರಾ ಹಂಪಿಹೊಳಿ ನನ್ನನ್ನು ಕೊಂಡರು. ಗದಗಿನ ಹತ್ತಿರದ ಒಂದು ನೂಲಿನ ಗಿರಣಿಯ ದವಾಖಾನೆಗೆ ಅವರು ವಾರಕ್ಕೆ ಮೂರು ದಿನ ಬರುತ್ತಿದ್ದರು. ಉಳಿದ ದಿನ ನನ್ನನ್ನು ನೋಡಿಕೊಳ್ಳುತ್ತಿದ್ದವರು ಕಂಪೌಂಡರ್ ವಿರೂಪಾಕ್ಷಪ್ಪ. ಬಹಳ ಮೆತ್ತಗಿನ ಮನುಷ್ಯ. ಸೂಜಿ ಚುಚ್ಚುವಾಗ ರೋಗಿಗಿಂತ ಮೊದಲು ತಾವೇ ಕಣ್ಣು ಮುಚ್ಚುತ್ತಿದ್ದರು.

ಮೊದಲ ಬಾರಿ ಒಂದು ತೋಳು ನನಗೆ ಸಿಕ್ಕ ದಿನವನ್ನು ಮರೆಯಲಾರೆ. ಪಟ್ಟಿ ಬಿಗಿಯಾಯಿತು, ಪಾದರಸ ಏರಿತು, ಗಾಳಿ ನಿಧಾನವಾಗಿ ಹೊರಟಿತು. ಒಂದು ಗೆರೆಯ ಬಳಿ ನನ್ನ ತುದಿ ತಾನಾಗಿ ನಡುಗಿತು. ಟಪ್. ಟಪ್. ಒಳಗಿನಿಂದ ಯಾರೋ ಬಾಗಿಲು ಬಡಿದಂತೆ. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ನನ್ನೊಳಗೆ ನೀರಿದ್ದಿದ್ದರೆ ನೂರಿಪ್ಪತ್ತರ ಒತ್ತಡಕ್ಕೆ ಅದು ಐದೂಕಾಲು ಅಡಿಗೂ ಮೇಲೆ ಏರಬೇಕಿತ್ತು. ಅಂದರೆ ಮುಷ್ಟಿಯಷ್ಟು ಮಾಂಸದ ಮುದ್ದೆಯೊಂದು, ಒಬ್ಬ ಆಳಿನ ಎತ್ತರಕ್ಕೆ ನೀರೆತ್ತುವ ಕೆಲಸವನ್ನು ದಿನಕ್ಕೆ ಲಕ್ಷ ಬಾರಿ ಮಾಡುತ್ತದೆ. ಯಾರೂ ಅದಕ್ಕೆ ಹೇಳಿರುವುದಿಲ್ಲ. ಇದು ತಿಳಿದಂದಿನಿಂದ ನಾನು ಯಾವ ತೋಳನ್ನೂ ಬರಿಯ ತೋಳೆಂದು ನೋಡಲಿಲ್ಲ.

ಗಿರಣಿಯಲ್ಲಿ ಒಂದೇ ವರ್ಷ ನಾಲ್ವರು ರಕ್ತದೊತ್ತಡ ಏರಿ ಕೆಲಸದಲ್ಲಿಯೇ ಕುಸಿದರು. ಮ್ಯಾನೇಜರ್ ಒಂದು ದಿನ ದವಾಖಾನೆಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

"ಡಾಕ್ಟರ್ ಬಾಯಾರ, ಮಂದಿ ಬಿದ್ದ ಮ್ಯಾಲ ಹುಬ್ಬಳ್ಳಿ ದವಾಖಾನಿಗೆ ಸುರಿಯೋ ಬದಲು, ಬೀಳೋದಕ್ಕಿಂತ ಮೊದಲ ಏನರ ಮಾಡಾಕ ಬರಂಗಿಲ್ಲೇನ್ರಿ?"

"ಬರತದ. ಆದ್ರ ಎಲ್ಲೂ ನೋವಿಲ್ಲದವರು ನನ್ನ ಹತ್ರ ಯಾಕ ಬರ್ತಾರ ಹೇಳ್ರಿ?" ಎಂದರು ಡಾಕ್ಟರ್.

"ಬರೂ ಹಂಗ ಮಾಡೂಣು. ಒಂದೊಂದು ಸ್ಟೀಲ್ ಕೊಡ ಇಡೂಣು."

ಹೀಗೆ ಕೊಡದ ಯೋಜನೆ ಶುರುವಾಯಿತು. ನಿಯಮ ಮಾಡಿದವರು ಡಾಕ್ಟರ್. ಒತ್ತಡ ಹೆಚ್ಚಿದ್ದವರು ತಿಂಗಳಿಗೊಮ್ಮೆ ಬರಬೇಕು, ಗುಳಿಗೆ ಬಿಡಬಾರದು. ಆಯುಧಪೂಜೆಯ ಹಿಂದಿನ ತಪಾಸಣೆಯಲ್ಲಿ ಮೇಲಿನ ಅಂಕಿ ನೂರಾ ನಲವತ್ತರ ಕೆಳಗಿದ್ದರೆ, ಹೆಸರು ಕೊರೆಸಿದ ಕೊಡ.

ಜನ ಬಂದರು. ಅವರೊಳಗೆ ನೂಲು ಸುತ್ತುವ ರೀಲಿಂಗ್ ಖಾತೆಯ ಫಕ್ಕೀರವ್ವನೂ ಒಬ್ಬಳು. ಹರಿದ ಎಳೆಯನ್ನು ಬೆರಳ ತುದಿಯಲ್ಲಿ ಕೂಡಿಸುವುದರಲ್ಲಿ ಅವಳಷ್ಟು ಚುರುಕು ಇಡೀ ಗಿರಣಿಯಲ್ಲಿ ಯಾರೂ ಇರಲಿಲ್ಲವಂತೆ. ಮೊದಲ ತಿಂಗಳು ಅವಳ ಅಂಕಿ ನೂರಾ ಅರವತ್ತೆಂಟು. ಗುಳಿಗೆ ಶುರುವಾದ ಮೇಲೆ ನೂರಾ ಐವತ್ತು, ನೂರಾ ಮೂವತ್ತಾರು, ನೂರಾ ಮೂವತ್ನಾಲ್ಕು. ಊಟದ ಡಬ್ಬಿಯಲ್ಲಿ ಕೆಂಪು ಮೆಣಸಿನಕಾಯಿ ಚಟ್ನಿ, ರಂಜಕ, ತರುವುದನ್ನೂ ಬಿಟ್ಟಳು. "ಉಪ್ಪು ಖಾರ ಬಿಟ್ಟು ರೊಟ್ಟಿ ತಿನ್ನೂದಂದ್ರ ಗೋಡಿ ನೆಕ್ಕಿದಂಗ ಆಕ್ಕೈತ್ರಿ," ಎಂದು ವಿರೂಪಾಕ್ಷಪ್ಪನವರನ್ನು ಕಾಡುತ್ತಿದ್ದಳು. "ಆ ಕೊಡ ಮಾತ್ರ ದೊಡ್ಡದು ತರಸ್ರಿ."

ತಪ್ಪು ನಡೆದದ್ದು ಕೊಡಗಳಿಂದ. ದಸರೆಗೆ ಮುಂಚೆ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವನಿಗೆ ಪುರಸೊತ್ತು ಸಿಗುವುದಿಲ್ಲ. ಹಾಗಾಗಿ ವಿರೂಪಾಕ್ಷಪ್ಪ ಕೊನೆಯ ತಪಾಸಣೆಗೆ ಎಂಟು ದಿನ ಮೊದಲೇ ಹಳೆಯ ಅಂಕಿಗಳನ್ನು ನೋಡಿ ಹನ್ನೊಂದು ಹೆಸರು ಕೊರೆಸಿ ತಂದಿಟ್ಟರು. ಹೆಸರು ಬಿದ್ದ ಪಾತ್ರೆಯನ್ನು ಅಂಗಡಿಯವನು ಹಿಂದಕ್ಕೆ ಪಡೆಯುವುದಿಲ್ಲ. ಒಬ್ಬಳ ಹೆಸರಿನ ಕೊಡದಲ್ಲಿ ಇನ್ನೊಬ್ಬಳು ನೀರು ತರುವುದೂ ಇಲ್ಲ.

ಫಕ್ಕೀರವ್ವ ಬಂದಳು. ನನ್ನ ಪಾದರಸ ನೂರಾ ಎಪ್ಪತ್ತರಲ್ಲಿ ನಡುಗಿತು. ನೀರಾಗಿದ್ದರೆ ಬಾಗಿಲಿನ ಚೌಕಟ್ಟನ್ನೂ ದಾಟುವ ಎತ್ತರ. ವಿರೂಪಾಕ್ಷಪ್ಪ ಮತ್ತೊಮ್ಮೆ ನೋಡಿದರು. ಆಗಲೂ ಅಷ್ಟೇ ಬಂತು.

"ಗುಳಿಗಿ ತಗೊಂಡಿಲ್ಲೇನ ಫಕ್ಕೀರವ್ವಾ?"

"ತಂಗಿ ಬಾಣಂತನ ಮುಗಿಸ್ಕೊಂಡು ಬಂದಾಳ್ರಿ, ಆಕಿಗೂ ತಲಿ ತಿರಗತಿತ್ತು. ಹದಿನೈದು ದಿನದ್ದು ಆಕಿಗೆ ಕೊಟ್ಟೆ. ಯಾಕ್ರಿ, ಬಾಳ ಐತೇನ್ರಿ?"

ಅವಳ ಕಣ್ಣು ಮೂಲೆಯಲ್ಲಿ ಸಾಲಾಗಿದ್ದ ಕೊಡಗಳ ಮೇಲಿತ್ತು. ಎರಡನೆಯದರ ಕಂಠದಲ್ಲಿ ಅವಳ ಹೆಸರು ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತಿತ್ತು. ವಿರೂಪಾಕ್ಷಪ್ಪ ಕೊಡವನ್ನೂ ಅವಳನ್ನೂ ನೋಡಿದರು. ನನ್ನನ್ನು ಮಾತ್ರ ನೋಡಲಿಲ್ಲ. ಪುಸ್ತಕದಲ್ಲಿ ಬರೆದರು: ನೂರಾ ಮೂವತ್ತಾರು.

"ಏನಿಲ್ಲ. ನೂರಾ ಮೂವತ್ತಾರು, ಚಲೋ ಐತಿ," ಎಂದರು.

ನಾನು ಕೂಗಬಲ್ಲೆನಾಗಿದ್ದರೆ ಕೂಗುತ್ತಿದ್ದೆ. ಪಾದರಸಕ್ಕೆ ಏರುವುದು ಇಳಿಯುವುದು ಬಿಟ್ಟರೆ ಬೇರೆ ಭಾಷೆಯಿಲ್ಲ. ನನ್ನ ಮುಚ್ಚಳ ಹಾಕಿದರು.

ಆ ಅಂಕಿಯನ್ನು ಫಕ್ಕೀರವ್ವ ನಂಬಿದಳು. ಹದಿನೈದು ದಿನ ಗುಳಿಗೆಯಿಲ್ಲದೆಯೂ ನೂರಾ ಮೂವತ್ತಾರು ಇದೆಯೆಂದರೆ ಇನ್ನು ಗುಳಿಗೆ ಯಾಕೆ ಬೇಕು? ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾವು ಕೊಟ್ಟ ಅಂಕಿಯೇ ತಪ್ಪು. ಅವಳು ಗುಳಿಗೆ ಬಿಟ್ಟಳು. ಕೊಡ ಬಂದಿತ್ತು, ತಪಾಸಣೆಗೆ ಬರುವುದನ್ನೂ ಬಿಟ್ಟಳು. ಸಂಕ್ರಾಂತಿಯ ಮರುವಾರ, ಹರಿದ ಎಳೆಯೊಂದನ್ನು ಕೂಡಿಸಲು ಹೋದ ಅವಳ ಬಲಗೈ ಮೇಲೇಳಲಿಲ್ಲ. ಬಾಯಿ ಒಂದು ಕಡೆಗೆ ಎಳೆಯಿತು. ನಾಲ್ಕು ಜನ ಅವಳನ್ನು ಹೊತ್ತು ತಂದು ನನ್ನ ಮುಂದೆ ಮಲಗಿಸಿದರು. ಡಾಕ್ಟರ್ ಪಟ್ಟಿ ಸುತ್ತಿದರು. ನಾನು ಇನ್ನೂರಾ ಹತ್ತನ್ನು ತೋರಿಸಿದೆ.

ಅವಳನ್ನು ಹುಬ್ಬಳ್ಳಿಗೆ ಕಳಿಸಿದ ಮೇಲೆ ಡಾಕ್ಟರ್ ಪುಸ್ತಕ ತೆಗೆದರು. ವಿರೂಪಾಕ್ಷಪ್ಪ ಕೇಳುವ ಮೊದಲೇ ಹೇಳಿಬಿಟ್ಟರು. ಅಳುತ್ತಿದ್ದರು. ಡಾಕ್ಟರ್ ಪುಸ್ತಕ ಮುಚ್ಚಿದರು.

"ತಪ್ಪು ನಿಮ್ಮದೊಂದ ಅಲ್ಲ, ವಿರೂಪಾಕ್ಷಪ್ಪ. ಅಂಕಿಗೆ ಬಹುಮಾನ ಕಟ್ಟಿದಾಕಿ ನಾನು. ಬರೋದು ಆಕಿ ಕೈಯಾಗಿತ್ತು, ಗುಳಿಗಿ ನುಂಗೋದು ಆಕಿ ಕೈಯಾಗಿತ್ತು. ಅಂಕಿ ಆಕಿ ಕೈಯಾಗ ಎಲ್ಲಿತ್ತು?"

ನಾಲ್ಕು ತಿಂಗಳ ನಂತರ ಫಕ್ಕೀರವ್ವ ಕಾಲೆಳೆಯುತ್ತ ಬಂದಳು. ಬಲಗೈ ಸೆರಗಿನೊಳಗಿತ್ತು, ಎಡಗಂಕುಳಲ್ಲಿ ಕೊಡ. ವಿರೂಪಾಕ್ಷಪ್ಪ ಎದ್ದು ನಿಂತು, ಅಂದು ನಡೆದದ್ದನ್ನೆಲ್ಲ ತಾವೇ ಹೇಳಿದರು.

ಅವಳು ಬೈಯುತ್ತಾಳೆಂದು ನಾನು ಕಾದೆ. ಅವಳು ನನ್ನ ಕಡೆ ತಿರುಗಿದಳು.

"ಅಂದ್ರ ನನ್ನ ಕೈ ಹೋಗೂದು ಈ ಡಬ್ಬಿಗೆ ಮೂರು ತಿಂಗಳ ಮೊದಲ ಗೊತ್ತಿತ್ತೇನ್ರಿ?"

ಅವಳು ಎಡಗೈಯಿಂದ ನನ್ನ ಗಾಜನ್ನು ಮುಟ್ಟಿದಳು, ದೇವರ ಪಟ ಮುಟ್ಟಿದ ಹಾಗೆ. ಆಮೇಲೆ ಕೊಡವನ್ನು ಮೇಜಿನ ಮೇಲೆ ಕುಕ್ಕಿದಳು.

"ಇದನ್ನ ನಾ ಗೆದ್ದಿಲ್ಲ. ಇಲ್ಲೇ ಇರಲಿ. ನನಗೂ ಇಲ್ಲೇ ಒಂದು ಕೆಲಸ ಕೊಡ್ರಿ."

ಕೆಲಸ ಸಿಕ್ಕಿತು. ಯೋಜನೆಯೂ ಬದಲಾಯಿತು. ಹನ್ನೆರಡು ತಿಂಗಳು ತಪ್ಪದೆ ಬಂದವರಿಗೆಲ್ಲ ಕೊಡ, ಅಂಕಿ ಎಷ್ಟೇ ಇರಲಿ. ಅಂಕಿ ಏರಿದವರಿಗೆ ಡಾಕ್ಟರ ಹತ್ತಿರ ಹೆಚ್ಚು ಹೊತ್ತು. ನಡೆದು ಬಂದವರನ್ನು ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಬೇಕು. ಆ ಐದು ನಿಮಿಷ ಫಕ್ಕೀರವ್ವನದು. ತನ್ನ ಹೆಸರಿನ ಕೊಡದಿಂದ ನೀರು ಕೊಟ್ಟು ಬಾಯಿಗೆ ಬಂದದ್ದು ಅನ್ನುತ್ತಿದ್ದಳು. "ಏ ಗುರಸಿದ್ಧ, ಮೀಸಿಗೆ ಹತ್ತಿದ ರಂಜಕ ಒರಸ್ಕೋ. ಪಾದರಸಕ್ಕ ಘಮಾ ಬಡದೀತು!" ಯಾರಾದರೂ ಗುಳಿಗೆ ಬಿಟ್ಟೆನೆಂದರೆ ಬೈಯುತ್ತಿರಲಿಲ್ಲ. ಸೆರಗು ಸರಿಸಿ ಬಲಗೈ ತೋರಿಸುತ್ತಿದ್ದಳು.

ಎಡಗೈಯಿಂದ ಬುರುಡೆ ಒತ್ತುವುದನ್ನೂ, ಸ್ಟೆತಾಸ್ಕೋಪಿಗೆ ಕಿವಿಗೊಟ್ಟು ಕೇಳುವುದನ್ನೂ ಡಾಕ್ಟರ್ ಅವಳಿಗೆ ಕಲಿಸಿದರು. ಎಳೆ ಕೂಡಿಸುತ್ತಿದ್ದ ಚುರುಕು ಈಗ ಕಿವಿಗೆ ಬಂದಿತ್ತು.

ವರ್ಷಗಳು ಹೋದವು. ಹುಬ್ಬಳ್ಳಿಗೆ ಓಡುವ ಆಂಬುಲೆನ್ಸ್ ಗಿರಣಿಯ ಗೇಟಿಗೆ ಬರುವುದು ಅಪರೂಪವಾಯಿತು. ಆಸ್ಪತ್ರೆಯ ಖರ್ಚು ಅರ್ಧಕ್ಕೆ ಇಳಿದಿದೆಯೆಂದು ಮ್ಯಾನೇಜರ್ ಹಿಗ್ಗಿದರು. ನನಗೆ ಬೆರಗಾದದ್ದು ಬೇರೆ. ಬಿದ್ದವರ ಹೆಸರು ಎಲ್ಲರಿಗೂ ಗೊತ್ತು. ಬೀಳದೆ ಉಳಿದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಅವರು ಪಾಳಿ ಮುಗಿಸಿ, ಸಂತೆ ಮಾಡಿ, ಜಗಳವಾಡಿ, ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ನಡೆಯದೇ ಹೋದ ಒಂದು ದುಃಖದ ಮುಂದೆ ಕೈ ಮುಗಿಯುವುದು ಹೇಗೆ?

ಈಗ ನನಗೆ ವಯಸ್ಸಾಗಿದೆ. ಗುಂಡಿ ಒತ್ತಿದರೆ ಅಂಕಿ ತೋರಿಸುವ ಹೊಸ ಯಂತ್ರ ಬಂದಿದೆ. ಒಡೆದರೆ ಪಾದರಸ ವಿಷ. ಹಾಗಾಗಿ ನನ್ನನ್ನು ಮುಚ್ಚಿ ಮುದ್ರೆ ಹಾಕಿ ಕಳಿಸುತ್ತಾರಂತೆ. ಅದು ನ್ಯಾಯವೇ. ಕಾಪಾಡಲು ಬಂದದ್ದು ಯಾರಿಗೂ ವಿಷವಾಗಬಾರದು.

ನಿನ್ನೆ ವಿರೂಪಾಕ್ಷಪ್ಪ ಬಂದಿದ್ದರು. ನಿವೃತ್ತರಾಗಿ ಒಂಬತ್ತು ವರ್ಷ. ಹೊಸ ಯಂತ್ರ ಬೇಡ, ಹಳೆಯದರಲ್ಲೇ ನೋಡು ಎಂದರು. ಫಕ್ಕೀರವ್ವ ನೀರು ಕೊಟ್ಟು ಐದು ನಿಮಿಷ ಕೂರಿಸಿದಳು. ಪಟ್ಟಿ ಸುತ್ತಿ ಎಡಗೈಯಲ್ಲಿ ಬುರುಡೆ ಒತ್ತಿದಳು. ನಾನು ಏರಿದೆ, ಇಳಿದೆ, ನಡುಗಿದೆ.

"ನೂರಾ ಐವತ್ತೆರಡು," ಎಂದಳು.

"ನೂರಾ ಮೂವತ್ತೆಂಟು ಅಂತ ಬರಿಯವಾ," ವಿರೂಪಾಕ್ಷಪ್ಪ ನಗುತ್ತ ಹೇಳಿದರು. "ಮನ್ಯಾಗ ಮಕ್ಕಳು ಗಾಬರಿ ಆಗ್ತಾವ."

ಹೇಳಿದ ಮೇಲೆ ಏನು ಹೇಳಿದೆನೆಂದು ಅವರಿಗೇ ತಿಳಿಯಿತು. ನಗು ನಿಂತಿತು. ಫಕ್ಕೀರವ್ವ ಪೆನ್ನು ಹಿಡಿದು ಅವರನ್ನೇ ನೋಡಿದಳು.

"ಗಾಬರಿ ಆಗಲಿ ಬಿಡ್ರಿ, ಸಾಹೇಬ್ರ. ಗಾಬರಿ ಆದ್ರ ಗುಳಿಗಿ ತಂದು ಕೊಡ್ತಾವ."

ಎಡಗೈಯ ಸೊಟ್ಟ ಅಕ್ಷರದಲ್ಲಿ ನೂರಾ ಐವತ್ತೆರಡು ಎಂದು ಬರೆದಳು. ಪಟ್ಟಿ ಬಿಚ್ಚಿದಳು. ಮುಚ್ಚಳ ಹಾಕುವ ಮುನ್ನ ಬಗ್ಗಿ, ಕಣ್ಣನ್ನು ನನ್ನ ಮಟ್ಟಕ್ಕೆ ತಂದು ನೋಡಿದಳು. ಹುಟ್ಟಿದ ದಿನ ಆ ಮುದುಕ ನೋಡಿದ್ದ ಹಾಗೆಯೇ.

ನಾನು ಸೊನ್ನೆಯಲ್ಲಿ ನಿಂತಿದ್ದೆ.